ಚಿರತೆಗೆ ಹೊಡೆಯುವ ಮದ್ದು

ಮೃಗಾಲಯದ ಹಿಂಬದಿಯ ಬೋನಿನಲ್ಲಿ ಕಾವಲುಗಾರ ಸತ್ತು ಬಿದ್ದಿದ್ದ. ಕುತ್ತಿಗೆ ಮುರಿದಿತ್ತು. ಕಾಡಿನಿಂದ ಹಿಡಿದು ತಂದಿದ್ದ ಹೆಣ್ಣು ಹುಲಿಯನ್ನು ಪಕ್ಕದ ಬೋನಿಗೆ ಅಟ್ಟಿದ್ದರು. ವೈದ್ಯರು ಮದ್ದು ಹೊಡೆದು ಮಲಗಿಸಿದ ಮೇಲೆ ಇವನು ಅದರ ಕಾಲಿನ ಗಾಯ ತೊಳೆಯಲು ಹೋಗಿದ್ದನಂತೆ. ಸಂಜೆ ಹುಲಿಗೆ ಗುಂಡಿಕ್ಕುವುದೆಂದು ಮೇಲಿನವರ ತೀರ್ಮಾನ.

ಸತ್ತವನ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದಳು. ಮೃಗಾಲಯದ ವೈದ್ಯ ಅವಳ ಒಡಹುಟ್ಟಿದ ಅಣ್ಣ.

"ಹುಲಿ ಸತ್ತರೆ ವಿಷಯಾನೂ ಅದರ ಜೊತೆಗೇ ಹೂತುಬಿಡ್ತಾರೆ ಸರ್," ಎಂದಳು ಇನ್ಸ್‌ಪೆಕ್ಟರಿಗೆ. "ನನ್ನ ಗಂಡ ಅಜಾಗರೂಕ ಅಲ್ಲ."

ಇನ್ಸ್‌ಪೆಕ್ಟರ್ ಮೊದಲು ಹಿಡಿದದ್ದು ಇನ್ನೊಬ್ಬ ಕಾವಲುಗಾರನನ್ನು. ಸತ್ತವನಿಗೂ ಇವನಿಗೂ ಎಣ್ಣೆ ಸೀಗೆಕಾಯಿ.

"ಜಗಳ ಆಡಿದ್ದು ನಿಜ ಸಾರ್. ಆದ್ರೆ ಅಗುಳಿ ತೆಗೆದವನು ಅವನೇ. 'ಮಲಗಿದೆ, ಹೋಗು ಭಾವ' ಅಂದ್ರು ಡಾಕ್ಟರು."

"ಅವರು ಹೋಗಲಿಲ್ವಾ?"

"ಮದ್ದು ಹೊಡೆದವರೇ ಮೊದಲು ಹೋಗಿ ಕಿವಿ ಎಳೆದು ನೋಡೋದು ಇಲ್ಲಿನ ಪದ್ಧತಿ. ಇವತ್ತು ಬೆನ್ನು ನೋವು ಅಂದ್ರು."

ಇನ್ಸ್‌ಪೆಕ್ಟರ್ ಬೋನಿನ ಹುಲ್ಲು ಕೆದಕಿ, ಮದ್ದು ತುಂಬಿ ಕೋವಿಯಿಂದ ಹೊಡೆಯುವ ಸೂಜಿ, ಒಂದು ಡಾರ್ಟ್ ಎತ್ತಿಕೊಂಡ.

"ಇಷ್ಟು ಸಣ್ಣದು ಚಿರತೆಗೆ ಹೊಡೆಯೋದಲ್ವಾ?" ಎಂದ ಕಾವಲುಗಾರ, ಅರ್ಧ ತನಗೇ.

*

"ಅಂದಾಜು ತಪ್ಪಿತು," ಎಂದ ವೈದ್ಯ. "ಮೈತೂಕ ನೋಡಿ ಮದ್ದು ಕೊಡಬೇಕು. ಕಾಡಿನ ಗಂಡು ಹುಲಿ ಇನ್ನೂರು ಕಿಲೋ ಹತ್ತಿರ ಇರುತ್ತೆ. ಹೆಣ್ಣು ನೂರಮೂವತ್ತು, ನೂರನಲವತ್ತು. ಇದು ಬಡಕಲಾಗಿತ್ತು, ಕಡಿಮೆ ಅಂದ್ಕೊಂಡೆ."

"ಕಣ್ಣಳತೆ ಕಷ್ಟ, ಬಿಡಿ."

"ಇಪ್ಪತ್ತು ವರ್ಷ ಪಳಗಿದ ಕಣ್ಣು ಇದು."

"ಹಾಗಾದ್ರೆ ನನ್ನ ತೂಕ ಹೇಳಿ, ನೋಡೋಣ."

ವೈದ್ಯನಿಗೆ ತಡೆಯಲಾಗಲಿಲ್ಲ. "ಎಪ್ಪತ್ತೆರಡು. ಹೊಟ್ಟೆ ಕರಗಿಸಿದರೆ ಅರವತ್ತೈದು."

"ಎಪ್ಪತ್ತೆರಡೇ." ಇನ್ಸ್‌ಪೆಕ್ಟರ್ ಡಾರ್ಟನ್ನು ಮೇಜಿನ ಮೇಲಿಟ್ಟ. "ಬಟ್ಟೆ ತೊಟ್ಟ ನನ್ನನ್ನು ಸರಿಯಾಗಿ ತೂಗಿದ ಕಣ್ಣು ಹುಲಿಯ ವಿಷಯದಲ್ಲಿ ಅರ್ಧಕ್ಕರ್ಧ ತಪ್ಪಿತಾ? ಇದರಲ್ಲಿ ಹಿಡಿಯೋದು ಅರವತ್ತು ಕಿಲೋ ಚಿರತೆಗೆ ಸಾಕಾಗುವ ಮದ್ದು. ಅಷ್ಟಕ್ಕೆ ಹುಲಿ ಬರೀ ಮಂಪರಿನಲ್ಲಿ ಬಿದ್ದಿರುತ್ತೆ, ಮುಟ್ಟಿದರೆ ಏಳುತ್ತೆ. ಅದು ಗೊತ್ತಿದ್ದ ಒಬ್ಬರಿಗೇ ಇವತ್ತು ಬೆನ್ನು ನೋವು ಬಂತು."

ದೇವರು ಕೊಟ್ಟ ವಿದ್ಯೆ ಎಂಥೆಂಥದ್ದಕ್ಕೆಲ್ಲ ಒದಗುತ್ತದೆ.

"ಸತ್ತ ಚಿರತೆಗಳ ಉಗುರು ಮಾರ್ತಿದ್ದೆ," ಎಂದ ವೈದ್ಯ. "ಭಾವ ನೋಡಿಬಿಟ್ಟ. ಮೇಲಿನವರಿಗೆ ಹೇಳ್ತೀನಿ ಅಂದ. ಕಾಲು ಹಿಡಿದರೂ ಕೇಳಲಿಲ್ಲ."

ಬಾಗಿಲಲ್ಲಿ ತಂಗಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಣ್ಣನ ಕಡೆ ನೋಡಲಿಲ್ಲ. ಹೊರಗೆ ಕೋವಿ ಹಿಡಿದವನು ಆಗಲೇ ಬಂದು ಕಾಯುತ್ತಿದ್ದ.

"ಅವರನ್ನ ವಾಪಸ್ ಕಳಿಸಿ ಸರ್," ಎಂದಳು. "ಹುಲಿ ಮೇಲೆ ನನಗೆ ಸಿಟ್ಟಿಲ್ಲ. ಅದು ಕೊಂದದ್ದು ತನ್ನ ತಂಗಿಯ ಗಂಡನನ್ನಲ್ಲವಲ್ಲ."