ಮೂರು ಟ್ಯಾಂಕುಗಳ ಭಾರ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಎಂಜಿನಿಯರ್ ಮಾ ಯೊನ್‌ಜು ಗಾಳಿಯ ಟ್ಯಾಂಕೊಂದನ್ನು ಹೊತ್ತುಕೊಂಡೇ ಜೊಂಜು ನಗರದ ಪೊಲೀಸ್ ಠಾಣೆಗೆ ಬಂದರು. ಬೆಂಕಿಯೊಳಗೆ ನುಗ್ಗುವವರು ಉಸಿರಾಟಕ್ಕೆಂದು ಬೆನ್ನಿಗೆ ಕಟ್ಟಿಕೊಳ್ಳುವ ಟ್ಯಾಂಕದು. ಅವರ ತಂಡ ವರ್ಷಗಟ್ಟಲೆ ಹೆಣಗಿ ಅದನ್ನು ಹಗುರ ಮಾಡಿತ್ತು. ಪರೀಕ್ಷೆಗೆಂದು ಅಗ್ನಿಶಾಮಕ ಠಾಣೆಗೆ ಹನ್ನೆರಡು ಕೊಟ್ಟಿದ್ದರು. ಮೂರರಲ್ಲಿ ಬೆನ್ನು ನೋಯುತ್ತದೆಂಬ ದೂರು ಬಂತು. ಬಿಚ್ಚಿ ನೋಡಿದರೆ, ಹೊದಿಕೆಯೊಳಗೆ ಯಾರೋ ಸೀಸದ ತಗಡು ಇಟ್ಟು ಹೊಲಿದಿದ್ದರು.

"ಶುಕ್ರವಾರ ಪರೀಕ್ಷಾ ಸಮಿತಿ ಕೂರುತ್ತೆ ಸರ್. ಹಗುರ ಅಲ್ಲ ಅಂತ ಬರೆದ್ರೆ ನಮ್ಮ ಯೋಜನೆಗೇ ಬೀಗ."

"ಅನುಮಾನ ಯಾರ ಮೇಲೆ?" ಇನ್‌ಸ್ಪೆಕ್ಟರ್ ಕೇಳಿದರು.

"ಎದುರಾಳಿ ಕಂಪನಿ. ಇನ್ಯಾರು?"

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಗು ಬೊಮ್‌ಸೊಕ್ ಹೆತ್ತ ತಾಯಿಯ ಮಾತನ್ನೂ ಎರಡು ಸಲ ಕೇಳಿ ಒಪ್ಪುವ ಆಸಾಮಿ. ದೂರು ಕೊಟ್ಟವರನ್ನೂ ಅನುಮಾನದಿಂದ ಬಿಡಲಿಲ್ಲ. ಆದರೆ ಕೆಡಿಸಲು ಬಂದವನು ಹನ್ನೆರಡನ್ನೂ ಕೆಡಿಸಬೇಕಿತ್ತು. ಮೂರೇ ಏಕೆ ಎಂಬುದು ಅವರ ತಲೆ ಕೊರೆಯಿತು.

ಮಧ್ಯಾಹ್ನ ಯೊನ್‌ಜು ಎದುರಲ್ಲೇ ಅಗ್ನಿಶಾಮಕ ಠಾಣೆಯಲ್ಲಿ ಪಂಚನಾಮೆ ನಡೆಯಿತು. ಮೂರೂ ಟ್ಯಾಂಕುಗಳು ಹೊಸದಾಗಿ ಸೇರಿದ ಮೂವರವು. ಮೊಳಕೆಕಾಳಿನ ಸಾರು ಅರ್ಧಕ್ಕೇ ಬಿಟ್ಟು ಅವರು ಸಾಲಾಗಿ ನಿಂತರು. ಕಾನ್‌ಸ್ಟೆಬಲ್ ತಾಕ್ ಮಿನ್‌ಸೊ ಅವರ ಎದೆಯ ಮೇಲಿನ ಹೆಸರಿನ ಬಟ್ಟೆಪಟ್ಟಿಯನ್ನೇ ದಿಟ್ಟಿಸಿದಳು. ಎರಡೆಳೆ ದಾರ, ಅಡ್ಡಡ್ಡ ಹೊಲಿಗೆ. ಟ್ಯಾಂಕಿನ ಹೊದಿಕೆಯಲ್ಲೂ ಅದೇ ಇತ್ತು.

"ಇದನ್ನ ಹೊಲಿದೋರು ಯಾರಪ್ಪಾ?"

"ನಮ್ಮ ಕ್ಯಾಪ್ಟನ್ನು. ಹೊಸಬರಿಗೆಲ್ಲ ಅವರೇ ಹೊಲಿಯೋದು. ಮಾವನ ಮನೇಲೂ ಇಷ್ಟು ಉಪಚಾರ ಸಿಗಲ್ಲ ಮೇಡಂ!"

ಎಲ್ಲರೂ ನಕ್ಕರು. ಕ್ಯಾಪ್ಟನ್ ಪ್ಯೊ ಗಿಲ್‌ಸು ನಗಲಿಲ್ಲ.

"ಎದುರಾಳಿ ಕಂಪನಿಯೋರು ಏನು ಕೊಟ್ರು?" ಗು ಕೇಳಿದರು.

"ಅವರ ಮುಖಾನೇ ನೋಡಿಲ್ಲ."

"ಮತ್ತೆ ಸೀಸ ಯಾಕೆ?"

"ಹೋದ ವರ್ಷ ಇದರದೇ ಮೊದಲ ಮಾದರಿ ಬಂದಿತ್ತು. ನಮ್ಮ ಹುಡುಗ ಸಂಗ್‌ಜೆ, ಗೋದಾಮೊಂದರ ಬೆಂಕಿಯಿಂದ ಒಬ್ಬರನ್ನ ಹೊತ್ತು ತಂದ. ಗಾಳಿ ಮುಗೀತಾ ಬಂತು ಅಂತ ಟ್ಯಾಂಕು ಸಿಳ್ಳೆ ಹೊಡೀತಿತ್ತು. 'ಬೆನ್ನೇ ನೋಯ್ತಿಲ್ಲ ಅಣ್ಣಾ, ಇನ್ನೊಂದ್ಸಲ ಹೋಗ್ಬರ್ತೀನಿ' ಅಂದ. ಬರಲಿಲ್ಲ." ಪ್ಯೊ ತಲೆ ತಗ್ಗಿಸಿದರು. "ಹಳಬರು ಸಿಳ್ಳೆಗೆ ಹೆದರಿ ವಾಪಸ್ ಬರ್ತಾರೆ. ಹೊಸಬರು ಹೆದರಲ್ಲ. ಇವರಿಗೆ ಬೆನ್ನಾದ್ರೂ ನೋಯ್ಲಿ, ಆಗಲಾದ್ರೂ ಬರ್ತಾರೆ ಅಂದ್ಕೊಂಡೆ."

"ಭಾರಕ್ಕೆ ಕುಸಿದು ಒಳಗೇ ಉಳಿದೋರಿಲ್ವಾ?" ಯೊನ್‌ಜು ಕೇಳಿದರು.

"ಇದ್ದಾರೆ ಮೇಡಂ."

ಸಂಜೆ ನಾಲ್ಕಕ್ಕೆ ಬಂಧನವಾಯಿತು. ಸೀಸ ತೆಗೆದ ಟ್ಯಾಂಕನ್ನು ಬೆನ್ನಿಗೇರಿಸಿಕೊಂಡ ಹೊಸಬನೊಬ್ಬ "ಅಬ್ಬಾ, ಹೂವಿನಂಗಿದೆ!" ಎಂದು ಕುಣಿದ. ಪೊಲೀಸ್ ಕಾರು ಹತ್ತುತ್ತಿದ್ದ ಪ್ಯೊ ತಿರುಗಿ ಕೂಗಿದರು:

"ಸಿಳ್ಳೆ ಹೊಡೆದ್ರೆ ವಾಪಸ್ ಬರ್ಬೇಕ್ರೋ! ಒಳಗೆ ಯಾರೇ ಇರ್ಲಿ, ಬರ್ಬೇಕು!"

ಕುಣಿತ ನಿಂತಿತು. ಗು ಅಂದಿನ ವರದಿಯಲ್ಲಿ, ಆರೋಪಿಯ ಉದ್ದೇಶ ಎಂಬಲ್ಲಿ, ಮೂವರು ಬದುಕಿರಲಿ ಎಂಬ ಆಸೆ ಎಂದು ಬರೆದು ಸಹಿ ಹಾಕಿದರು.