ಪುಟ್ಟತಾಯಮ್ಮನ ಬಳೆಯ ಪಿನ್ನು

ಸರಸ್ವತಿಪುರಂನ ಆ ಪ್ರಿಂಟಿಂಗ್ ಅಂಗಡಿಗೆ ನಾನು ಸೇರಿದ್ದು ಮದುವೆ ಕಾರ್ಡು ಮಡಿಸುವ ಕೆಲಸಕ್ಕೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಅಷ್ಟೇ ಸಾಕಿತ್ತು. ಒಂದು ದಿನ ಅಂಗಡಿಯ ಮಾಲೀಕ ಶಿವಪ್ರಕಾಶ್, ನಿವೃತ್ತರಾಗುವವರಿಗೆ ಸಮಾರಂಭದಲ್ಲಿ ಓದಿ ಕೊಡುವ ಬಿನ್ನವತ್ತಳೆಯೊಂದನ್ನು ನನ್ನ ಮುಂದೆ ಹಿಡಿದರು.

"ಹೆಂಗಿದೆ ಪವಿತ್ರ?"

"ಚೆನ್ನಾಗಿದೆ." ಅಲ್ಲಿಗೆ ನಿಲ್ಲಿಸಬೇಕಿತ್ತು. "ಆದ್ರೆ ಇದ್ರಲ್ಲಿ ಆ ಮನುಷ್ಯರೇ ಕಾಣಲ್ಲ."

ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. ನಾನು ಕಾರ್ಡಿನ ಕಟ್ಟು ನೋಡಿದೆ.

"ಹಂಗಾದ್ರೆ ನೀವೇ ಬರೀರಿ. ಯಾರು ಬೇಡ ಅಂದ್ರು?"

ಮೊದಲು ಬರೆದದ್ದು ಶಾಲೆಯೊಂದರಿಂದ ನಿವೃತ್ತರಾಗುತ್ತಿದ್ದ ಆಯಾ ಪುಟ್ಟತಾಯಮ್ಮನಿಗೆ. ಶಿವಪ್ರಕಾಶ್ ಅವರ ಸ್ಕೂಟರಿನಲ್ಲಿ ಶಾಲೆಗೆ ಹೋಗಿ, ಇಡೀ ಬೆಳಿಗ್ಗೆ ಆಕೆಯನ್ನು ನೋಡುತ್ತಾ ಕೂತೆ. ಯಾವ ಮಗುವಿನ ಚಪ್ಪಲಿಯ ಉಂಗುಷ್ಟ ಕಿತ್ತರೂ, ಅಂಗಿಯ ಗುಂಡಿ ಬಿದ್ದರೂ, ಆಕೆ ಬಳೆಗೆ ಸಿಕ್ಕಿಸಿಕೊಂಡ ಪಿನ್ನು ಬಿಚ್ಚಿ ಕೊಡುತ್ತಿದ್ದರು. 'ನಮ್ಮ ಬಾಲ್ಯ ಹರಿಯದಂತೆ ಹಿಡಿದಿಟ್ಟದ್ದು ನಿಮ್ಮ ಬಳೆಯ ಪಿನ್ನು' ಎಂದು ಬರೆದೆ.

ಶಿವಪ್ರಕಾಶ್ ಅದನ್ನು ಎರಡು ಸಲ ಓದಿದರು. "ಇದ್ನ ಓದಿದ್ಮೇಲೆ ಇದು ಬರೀ ಅಂಗಡಿ ಅನ್ಸಲ್ಲ ಕಣ್ರೀ," ಎಂದರು. ಧ್ವನಿ ಸಣ್ಣಗಾಗಿತ್ತು. ಆ ಮಾತು ಹೊತ್ತುಕೊಂಡು ಅಶೋಕಪುರಂವರೆಗೂ ನಡೆದೇ ಮನೆಗೆ ಹೋದೆ. ಬಸ್ಸು ಹತ್ತಿದರೆ ಬೇಗ ಮುಗಿದುಹೋಗುತ್ತಿತ್ತು.

ಹೀಗೆ ಎರಡು ವರ್ಷ. ಒಂದೇ ಹಾಳೆಯ ಮೇಲೆ ಇಬ್ಬರೂ ಬಗ್ಗಿ ಪ್ರೂಫ್ ನೋಡುವುದು. ಅವರ ಇಂಕಿನ ಹೆಬ್ಬೆರಳು ನನ್ನ ಬೆರಳಿಗೆ ತಾಗುವ ಮುನ್ನ ನಿಲ್ಲುವುದು.

"ನನ್ನ ಬಗ್ಗೆ ಯಾವಾಗ ಬರೀತೀರಿ?"

"ನೀವು ರಿಟೈರ್ ಆದಾಗ."

"ಅಲ್ಲೀವರ್ಗೂ ಇಲ್ಲೇ ಇರ್ತೀರಿ ಅಂತಾಯ್ತು!"

ಕಳೆದ ತಿಂಗಳು ಹೆಡ್‌ಮಾಸ್ಟರ್ ಕೃಷ್ಣಸ್ವಾಮಿಯವರ ಬಿನ್ನವತ್ತಳೆಗೆ ಆರ್ಡರು ಬಂದಾಗ, "ಅರ್ಜೆಂಟು, ನಾನೇ ನೋಡ್ಕೋತೀನಿ ಬುಡಿ," ಎಂದರು ಶಿವಪ್ರಕಾಶ್. ಬನ್ನಿಮಂಟಪದ ಸಭೆಗೆ ಕಾಗದ ಸುತ್ತಿದ್ದ ಫ್ರೇಮು ತಲುಪಿಸಿ, ಹಿಂದಿನ ಕುರ್ಚಿಯಲ್ಲಿ ಕೂತೆ. ವೇದಿಕೆಯಲ್ಲಿ ಯಾರೋ ಬಿನ್ನವತ್ತಳೆ ಓದುತ್ತಿದ್ದರು:

'ನಮ್ಮ ಬಾಲ್ಯ ಹರಿಯದಂತೆ ಹಿಡಿದಿಟ್ಟದ್ದು ನಿಮ್ಮ ಜೇಬಿನ ಪಿನ್ನು.'

ಚಪ್ಪಾಳೆ. ಕೃಷ್ಣಸ್ವಾಮಿಯವರು ಗಲಿಬಿಲಿಯಿಂದ ತಮ್ಮ ಜೇಬು ಮುಟ್ಟಿ ನೋಡಿಕೊಂಡರು.

ಹೊರಗೆ ಶಿವಪ್ರಕಾಶ್ ಸ್ಕೂಟರಿಗೆ ಒರಗಿ ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಆ ಸಾಲನ್ನ ಎಷ್ಟು ಜನಕ್ಕೆ ಹಾಕಿದ್ರಿ?" ಎಂದೆ.

"ಹನ್ನೊಂದು... ಚೆನ್ನಾಗಿತ್ತಲ್ಲ ಅಂತ. ಯಾರಿಗೂ ಗೊತ್ತಾಗ್ಲಿಲ್ಲ, ಪವಿತ್ರ."

"ಜೇಬು ಮುಟ್ಟಿ ನೋಡ್ಕೊಂಡ್ರಲ್ಲ, ಅವ್ರಿಗೆ ಗೊತ್ತಾಯ್ತು."

"ತಪ್ಪಾಯ್ತು ಕಣ್ರೀ. ನೀವಂದ್ರೆ ನಂಗೆ ಪ್ರಾಣ. ನಿಮ್ಮಂಥ ಒಳ್ಳೇ ಮನಸ್ಸು, ಮೃದು ಸ್ವಭಾವ..."

ಎರಡು ವರ್ಷ ನಾನು ಕಾದಿದ್ದ ಮಾತು ಅದು.

"ಹೆಸ್ರು ಬದ್ಲಾಯಿಸಿದ್ರೆ ಇದೂ ಹನ್ನೊಂದು ಜನಕ್ಕಾಗುತ್ತೆ," ಎಂದು ಬಸ್ ಸ್ಟಾಪಿನ ಕಡೆ ನಡೆದೆ.

ಮರುದಿನ ಕೃಷ್ಣಸ್ವಾಮಿಯವರ ಮನೆ ಹುಡುಕಿಕೊಂಡು ಹೋದೆ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು.

"ಪಿನ್ನಲ್ಲ ಕಣಮ್ಮ, ನನ್ನ ಜೇಬಲ್ಲಿದ್ದದ್ದು ಸೀಮೆಸುಣ್ಣದ ಚೂರು. ಬಟ್ಟೆ ಒಗೆಯೋವಾಗ ನಮ್ಮನೆಯವ್ರು ದಿನಾ ಬೈಯೋರು."

ಅಲ್ಲೇ ಕೂತು ಅವರ ಬಿನ್ನವತ್ತಳೆಯನ್ನು ಹೊಸದಾಗಿ ಬರೆದು ಮುಗಿಸಿ ತಲೆ ಎತ್ತಿದರೆ ಗೇಟಿನಾಚೆ ಶಿವಪ್ರಕಾಶ್. ಕೈಯಲ್ಲಿ ಖಾಲಿ ಫ್ರೇಮು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹಾಳೆಯನ್ನು ಗೇಟಿನ ಸಂದಿಯಿಂದ ಕೊಟ್ಟೆ.

"ಇದ್ನ ಅಚ್ಚು ಹಾಕಿ ಇವ್ರಿಗೆ ಕೊಡಿ. ನಾಳೆಯಿಂದ ನಾನು ಅಂಗಡಿಗೆ ಬರಲ್ಲ."

ಅವರು ಬೇಡಿಕೊಳ್ಳಲಿಲ್ಲ. ಹಾಳೆ ನೋಡುತ್ತಲೇ ನಿಧಾನಕ್ಕೆ ಹೇಳಿದರು:

"ಸರಿಯಾದ ಸಾಲು ಸಿಕ್ತು ಅಂದ್ರೆ ನೀವು ಬರೆಯೋದ್ ನಿಲ್ಲಿಸಿ, ಬಿಟ್ಟಿರೋ ಚಪ್ಪಲೀನ ಮತ್ತೆ ಹಾಕ್ಕೋತೀರಿ. ಎಲ್ಲಿಗೋ ಹೊರಟೋರ ಥರ. ಆಮೇಲೆ ಬರೀತೀರಿ."

ಕೆಳಗೆ ನೋಡಿದೆ. ಜಗಲಿಯ ಕೆಳಗೆ ಬಿಟ್ಟಿದ್ದ ಚಪ್ಪಲಿ, ಬರೆಯುವಾಗ ಯಾವಾಗ ಹಾಕಿಕೊಂಡೆನೋ, ಕಾಲಲ್ಲಿತ್ತು.

ಆ ಮಾತು ನನ್ನ ಹೊರತು ಇನ್ಯಾರಿಗೂ ಹೊಂದುತ್ತಿರಲಿಲ್ಲ. ಹಾಗಾದರೆ ಅವರಿಗೆ ನೋಡಲು ಬರುತ್ತಿತ್ತು. ಮೊದಲಿನಿಂದಲೂ ಬರುತ್ತಿತ್ತು; ಆ ಹನ್ನೊಂದು ಜನರನ್ನು ನೋಡಲಿಲ್ಲ, ಅಷ್ಟೇ.

ಗೇಟು ತೆರೆದು, ಅವರನ್ನು ದಾಟಿ, ರಸ್ತೆಗಿಳಿದೆ.