ಓರೆ ಹೊಲಿಗೆಯ ಮಿಷನ್

2025ರ ಫೆಬ್ರವರಿ 17, ಸೋಮವಾರ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಕೊಳ್ಳೇಗಾಲದ ಠಾಣೆಗೆ ಇಬ್ಬರು ಒಟ್ಟಿಗೆ ಬಂದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬರು ಶಾಂತಮೂರ್ತಿ, ಮುಚ್ಚಿಹೋದ ಸರ್ಕಾರಿ ಹೊಲಿಗೆ ತರಬೇತಿ ಕೇಂದ್ರದ ಸಾಮಾನು ವಿಲೇವಾರಿ ಮಾಡಬೇಕಿದ್ದ ಅಧಿಕಾರಿ. ಇನ್ನೊಬ್ಬರು ಕೇತಮ್ಮ, ಹನೂರು ತಾಲ್ಲೂಕು ರಾಮಾಪುರದ ಮಹಿಳಾ ಸಂಘದ ಅಧ್ಯಕ್ಷೆ.

ಸಬ್ ಇನ್‌ಸ್ಪೆಕ್ಟರ್ ಆಶಾರಾಣಿ ಕುರ್ಚಿ ತೋರಿಸಿದರು. ಶಾಂತಮೂರ್ತಿ ಕೂತರು. ಕೇತಮ್ಮ ಎರಡನೇ ಸಲ ಹೇಳಿದ ಮೇಲೆ ಅಂಚಿನಲ್ಲಿ ಕೂತರು.

"ಏನು ಕಳುವಾಗಿದೆ?"

"ಒಂದು ಹೊಲಿಗೆ ಮಿಷನ್ ಮೇಡಂ," ಎಂದರು ಶಾಂತಮೂರ್ತಿ. "ಸರಿಯಾಗಿ ಹೇಳಬೇಕು ಅಂದ್ರೆ, ಮಿಷನ್ನಿನ ತಲೆ. ತುಳಿಯೋ ಕಾಲು ಅಲ್ಲೇ ಇದೆ."

ಅವರು ವಿವರಿಸಿದರು. ಇಲಾಖೆಗೆ ಬೇಡವಾದ ಸಾಮಾನನ್ನು ಬೇರೆ ಇಲಾಖೆಗಳಿಗೆ ಬೇಕೇ ಎಂದು ಮೊದಲು ಕೇಳುತ್ತಾರೆ. ಯಾರಿಗೂ ಬೇಡವೆಂದಾದರೆ ನೋಂದಣಿಯಾದ ಅರ್ಹ ಸಂಸ್ಥೆಗೆ ಉಚಿತವಾಗಿ ಕೊಡುತ್ತಾರೆ. ಸಂಸ್ಥೆ ಅದನ್ನು ಸಾರ್ವಜನಿಕರ ಕೆಲಸಕ್ಕೇ ಬಳಸಬೇಕು, ಮಾರುವಂತಿಲ್ಲ. ಕೇಂದ್ರದ ಹನ್ನೆರಡು ಮಿಷನ್‌ಗಳು ಒಂದೇ ಆದೇಶದಲ್ಲಿ ರಾಮಾಪುರದ ಸಂಘಕ್ಕೆ ಹಂಚಿಕೆಯಾಗಿದ್ದವು. ಇವತ್ತು ಟೆಂಪೋ ತಂದು ನೋಡಿದರೆ ಒಂದು ಇಲ್ಲ.

"ಹನ್ನೊಂದ ತಕಂಡು ಹನ್ನೆರಡು ಅಂತ ಸೈನ್ ಆಕಿ ಅಂತಾರೆ," ಎಂದರು ಕೇತಮ್ಮ. "ನಾಳೆ ತನಿಖೆಗೆ ಬಂದ್ರೆ ಕಳ್ಳಿ ಯಾರಾಯ್ತಾರೆ? ನಾನು ತಾನೇ?"

"ಈ ತಿಂಗಳ ಒಳಗೆ ಆದೇಶದ ಪ್ರಕಾರ ಪೂರ್ತಿ ಹಸ್ತಾಂತರ ಆಗದಿದ್ರೆ ಹಂಚಿಕೆ ರದ್ದಾಗುತ್ತೆ ಮೇಡಂ. ಎಲ್ಲಾನೂ ಗುಜರಿ ಹರಾಜಿಗೆ ಹೋಗುತ್ತೆ. ನಾನೇನು ಮಾಡ್ಲಿ?"

"ನಮ್ಮೆಂಗ್ಸು ಕೊಟ್ಟಿಗೆ ಗುಡಿಸಿ, ಸುಣ್ಣ ಬಳ್ದು ಕಾಯ್ತಾ ಕುಂತವ್ರೆ. ನಾನು ಬರೀ ಟೆಂಪೋ ತಕಂಡು ಓಗಿ ಯಾವ ಮಕ ತೋರ್ಸ್ಲಿ?"

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ ಎಫ್.ಐ.ಆರ್. ದಾಖಲಾಯಿತು.

ಮಧ್ಯಾಹ್ನ ಆಶಾರಾಣಿ, ಹೆಡ್ ಕಾನ್‌ಸ್ಟೆಬಲ್ ಪುಟ್ಟಮಾದಪ್ಪನವರೊಂದಿಗೆ ಸ್ಥಳ ಪಂಚನಾಮೆಗೆ ಹೋದರು; ಕೇತಮ್ಮನೂ ಜೊತೆಗೆ ಬಂದರು. ಹೆಂಚಿನ ಉದ್ದನೆಯ ಕೋಣೆ. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಬಾಗಿಲು ತೆರೆದೊಡನೆ ಮಿಷನ್ ಎಣ್ಣೆಯ ಹಳೇ ವಾಸನೆ ಬಂತು. ಆಶಾರಾಣಿ ಒಂದು ಕ್ಷಣ ಹೊಸಿಲಲ್ಲೇ ನಿಂತರು.

ಅವರ ಅಮ್ಮನ ಬಳಿಯೂ ಇಂಥದೊಂದು ಕಪ್ಪು ಮಿಷನ್ ಇತ್ತು. ಮನೆಯಲ್ಲಿ ಯಾರು ಕರೆದರೂ ಅಮ್ಮ ಕೈಲಿದ್ದದ್ದು ಬಿಟ್ಟು ಓಡುತ್ತಿದ್ದಳು. ಊಟದ ತಟ್ಟೆಯ ಮುಂದಿಂದಲೂ ಏಳುತ್ತಿದ್ದಳು. ಮಿಷನ್ ತುಳಿಯುವಾಗ ಮಾತ್ರ, ಅಪ್ಪ ಕಾಫಿ ಕೇಳಿದರೂ, ತಲೆಯೆತ್ತದೆ ಹೇಳುತ್ತಿದ್ದಳು: "ತಾಳಿ, ಈ ಸಾಲು ಮುಗೀಲಿ." ಅಪ್ಪ ತಾಳುತ್ತಿದ್ದರು. ಅದು ಆ ಮನೆಯ ದೊಡ್ಡ ಆಶ್ಚರ್ಯವೆಂದು ಆಶಾರಾಣಿಗೆ ತೋರಿದ್ದು ತಮಗೇ ಮದುವೆಯಾದ ಮೇಲೆ.

ಕಾವಲುಗಾರ ನಿಂಗಯ್ಯ ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದರು.

"ಕೀ ಯಾರ ಹತ್ತಿರ ಇರುತ್ತೆ?"

"ನನ್ ತಾವ್ಲೇ ಸಾ... ಅಲ್ಲ, ಮೇಡಮ್ಮೋರೆ."

"ಬೇರೆ ಕೀ?"

"ನಾನು ಬಂದು ಎಲ್ಡು ವರ್ಸ. ಮುಂಚೆಯಿಂದು ನಂಗೊತ್ತಿಲ್ಲ. ಮಾದಪ್ಪನಾಣೆ ನಾನ್ ಮುಟ್ಟಿಲ್ಲ."

ಮೂಲೆಯ ಮೇಜಿನ ಮೇಲೆ ತಲೆಯಿದ್ದ ಜಾಗ ಬರಿದಾಗಿತ್ತು. ಚರ್ಮದ ಬೆಲ್ಟನ್ನು ಬಿಚ್ಚಿ, ಸುತ್ತಿ, ಡ್ರಾಯರ್‌ನಲ್ಲಿ ಇಡಲಾಗಿತ್ತು. ಮೇಜಿನ ಧೂಳು ಒರೆಸಿತ್ತು.

"ಗುಜರಿ ಕಳ್ಳನಾದ್ರೆ ಕಬ್ಬಿಣದ ಕಾಲು ಬಿಡ್ತಿದ್ನಾ ಪುಟ್ಟಮಾದಪ್ಪೋರೆ?"

"ಇಲ್ಲ ಮೇಡಂ. ತೂಕ ಇರೋದೇ ಅದ್ರಲ್ಲಿ. ಮೇಲಾಗಿ ಕದಿಯಕ್ಕೆ ಬಂದವ್ನು ಧೂಳು ಒರೆಸ್ತಾನಾ? ನಮ್ಮನೇಲಿ ನನ್ ಮಗನೇ ಒರೆಸಲ್ಲ."

ಕೇತಮ್ಮ ಆ ಮೇಜನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಅವರು ಹೊಲಿಗೆ ಕಲಿತದ್ದೂ ಇದೇ ಕೋಣೆಯಲ್ಲಿ.

"ಅಯ್ಯೋ, ಇದಾ ಓಗಿರೋದು? ಇದು ಓರೆ ಮಿಷನ್ನು ಕಣ್ರಿ. ಎಷ್ಟು ನೆಟ್ಟಗೆ ಇಡುದ್ರೂ ಬಟ್ಟೆ ಬಲಗಡೀಕೆ ಎಳ್ಕಂಡು ಓಯ್ತದೆ. ನಾವ್ಯಾರೂ ಇದ್ರ ತಾವ ಕೂರ್ತಾನೇ ಇರ್ನಿಲ್ಲ. ಒಳ್ಳೇವು ಬುಟ್ಟು ಇದನ್ನ ಕದ್ದವ್ರಲ್ಲ!"

"ಅಂದ್ರೆ ಇದೇ ಬೇಕಾಗಿದ್ದವರು ಕದ್ದಿದ್ದಾರೆ," ಎಂದರು ಆಶಾರಾಣಿ. "ಹೊಲಿಯೋಕೇ ಕದ್ದಿದ್ದಾರೆ."

ಕೇತಮ್ಮ ತುಸು ಯೋಚಿಸಿದರು. "ಒಲಿಯೋಕೆ ಅಂದ್ರೆ, ಈ ಸೆಂಟ್ರಿನೋರೇ ಆದ್ರೆ, ಮೊದಲು ಜೋಳಿಗೆ ಒಲ್ದಿರ್ತಾರೆ ಮೇಡಂ."

"ಯಾವ ಜೋಳಿಗೆ?"

"ಮಾದಪ್ಪಂದು. ಮಿಷನ್ನು ಒಸ ಜಾಗಕ್ಕೆ ಓದ್ರೆ ಮೊದಲ್ನೇ ಒಲಿಗೆ ಕಾವಿ ಬಟ್ಟೇಲಿ ಭಿಕ್ಷದ ಜೋಳಿಗೆ. ಬೆಟ್ಟಕ್ಕೆ ನಡ್ಕಂಡು ಓಗೋರ್ಗೆ ಕೊಟ್ಟು ಕಾಲಿಗ್ ಬೀಳ್ಬೇಕು. ಆಮ್ಯಾಲೆ ಬೇರೆ ಬಟ್ಟೆ. ನಮ್ಮ ಟೀಚರ್ ಕಲ್ಸಿದ್ದು. ಇಲ್ಲಿ ಕಲ್ತೋರ್ಯಾರೂ ಅದ ತಪ್ಪುಸಲ್ಲ."

"ಕದ್ದ ಮಿಷನ್ನಲ್ಲೂ?"

"ಕದ್ದುದ್ರಲ್ಲಿ ಇನ್ನೂ ಮೊದಲು ಒಲೀತಾರೆ. ಭಯ ಇರಲ್ವಾ?"

ಶಿವರಾತ್ರಿಗೆ ಒಂಬತ್ತು ದಿನವಿತ್ತು. ಮಾದಪ್ಪನ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯವರು ಹನೂರಿನ ದಾರಿಯಲ್ಲೇ ಹೋಗಬೇಕು. ಆ ವಾರವೆಲ್ಲ ಪುಟ್ಟಮಾದಪ್ಪನವರು ಗುಜರಿ ಅಂಗಡಿ, ಮಿಷನ್ ರಿಪೇರಿಯವರನ್ನು ವಿಚಾರಿಸಿದರು. ಏನೂ ಸಿಗಲಿಲ್ಲ. ಭಾನುವಾರ, ನಡೆಯುವವರು ಹೆಚ್ಚಾದ ಮೇಲೆ, ಹನೂರಿನಾಚೆಯ ಅರವಟ್ಟಿಗೆಯ ಬಳಿ ಕೇತಮ್ಮನನ್ನು ಜೊತೆಗಿಟ್ಟುಕೊಂಡು ನಿಂತರು. ಹೊಸ ಜೋಳಿಗೆ ಕಂಡರೆ ಕೈಮುಗಿದು ಹೊಲಿಗೆ ನೋಡಬೇಕು.

ಪುಟ್ಟಮಾದಪ್ಪನವರು ಸೆಕೆಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಮುದುಕಿಯೊಬ್ಬಳು ಅದರೊಳಗೆ ಒಂದು ಹಿಡಿ ಅಕ್ಕಿ ಹಾಕಿ ಹೋದಳು.

"ಅಜ್ಜೀ, ನಾನು ಡ್ಯೂಟಿ ಮೇಲಿದ್ದೀನಿ!"

"ಇಸ್ಕಳ್ಳಾ ಮಗ. ಪೋಲೀಸಾದ್ರೇನು, ಮಾದಪ್ಪನ ಮುಂದೆ ಎಲ್ಲಾರೂ ಭಿಕ್ಷದೋರೇಯ."

ಕೇತಮ್ಮ ಸೆರಗು ಬಾಯಿಗಿಟ್ಟು ನಕ್ಕರು. ನಗುತ್ತಿದ್ದವರೇ ತಟ್ಟನೆ ನಿಲ್ಲಿಸಿ ಕೈತೋರಿಸಿದರು. ಕೆಂಪನಂಜಪ್ಪ ಎಂಬ ಮುದುಕರ ಹೆಗಲಲ್ಲಿ ಹೊಸ ಕಾವಿ ಜೋಳಿಗೆಯಿತ್ತು. ಅದರ ಎರಡೂ ಬದಿಯ ಹೊಲಿಗೆ ಮೇಲಿಂದ ಕೆಳಗೆ ಬರುತ್ತ ಬಲಕ್ಕೆ ವಾಲಿತ್ತು. ವಾಲಿದಲ್ಲೆಲ್ಲ ಯಾರೋ ತಾಳ್ಮೆಯಿಂದ ಮತ್ತೆ ದಾರಿಗೆ ತಂದಿದ್ದರು.

"ಇದು ಎಲ್ಲಿ ಸಿಕ್ತು ತಾತ?"

"ಮಾಂಬಳ್ಳಿ ಬಸ್‌ಸ್ಟಾಪ್ ತಾವ ಒಬ್ಬವ್ವ ಕೊಟ್ಳು ಕನಪ್ಪ. ಮಿಷನ್ನು ಮನೆಗ್ ಬಂದದೆ, ಮೊದಲ್ನೇ ಒಲಿಗೆ ಅಂದ್ಳು. ದೊಡ್ಡಬಸಮ್ಮ ಅಂತ ಎಸ್ರು. ಬೆಟ್ಟದಲ್ಲಿ ತನ್ನೆಸ್ರೇಳಿ ಕಾಯಿ ಒಡಿಸು ಅಂದವ್ಳೆ."

"ಗುಡ್ಸೋ ಬಸಕ್ಕನಾ?" ಕೇತಮ್ಮ ಅಲ್ಲೇ ಕಲ್ಲಿನ ಮೇಲೆ ಕೂತರು. "ಸೆಂಟ್ರು ಬಾಗ್ಲು ತೆಗೀತಿದ್ದೋಳು, ಕಸ ಗುಡಿಸ್ತಿದ್ದೋಳು. ಅವಕ್ಕ ಒಲ್ದಿದ್ದ ನಾನು ಒಂದ್ಸಲನೂ ಕಂಡಿಲ್ಲವಲ್ಲ ಸಾ."

ಫೆಬ್ರವರಿ 24, ಸೋಮವಾರ ಸಂಜೆ ನಾಲ್ಕು ಗಂಟೆ. ಆಶಾರಾಣಿ, ಪುಟ್ಟಮಾದಪ್ಪನವರು ಯಳಂದೂರು ತಾಲ್ಲೂಕು ಮಾಂಬಳ್ಳಿಯಲ್ಲಿ ದೊಡ್ಡಬಸಮ್ಮನ ಬೀದಿಗೆ ತಿರುಗುವಾಗಲೇ ಮಿಷನ್ ತುಳಿಯುವ ಸದ್ದು ಕೇಳಿತು. ತೆರೆದ ಬಾಗಿಲಿಗೆ ಬೆನ್ನು ಹಾಕಿ, ಅರವತ್ತು ದಾಟಿದ ಹೆಂಗಸೊಬ್ಬರು ಮರದ ಕುರ್ಚಿಯಲ್ಲಿ ಕೂತು ರವಿಕೆ ಹೊಲಿಯುತ್ತಿದ್ದರು. ತುಕ್ಕು ಹಿಡಿದ ಹಳೆಯ ಕಾಲಿನ ಮೇಲೆ ಹೊಳೆಯುವಂತೆ ಒರೆಸಿದ ಕಪ್ಪು ತಲೆ.

"ದೊಡ್ಡಬಸಮ್ಮ ನೀವೇನಾ?"

ಸದ್ದು ನಿಂತಿತು. "ಊಂ ಕಣವ್ವ." ಸಮವಸ್ತ್ರ ಕಂಡು ಅವರು ಬೆಚ್ಚಲಿಲ್ಲ. "ಶಿವರಾತ್ರಿ ಕಳ್ದ್ ಮ್ಯಾಕೆ ಬತ್ತೀರಿ ಅನ್ಕಂಡಿದ್ದೆ."

"ಮಿಷನ್ ಎಲ್ಲಿಂದ ತಂದ್ರಿ?"

"ಸೆಂಟ್ರಿಂದ."

"ಹೇಗೆ?"

"ಕಾವಲಿನೋನು ಉಣ್ಣಕ್ ಓಗಿದ್ದಾಗ ಮಂಕರೀಲಿ ಇಕ್ಕಂಡು, ಮ್ಯಾಲೆ ನುಗ್ಗೆಸೊಪ್ಪು ಮುಚ್ಕಂಡು, ಬಸ್ಸಲ್ಲಿ. ಇದೇನಜ್ಜಿ ಸೊಪ್ಪು ಇಂಗೆ ಭಾರ ಅಂದ ಕಂಡಕ್ಟ್ರು. ನೀರು ಕುಡ್ದದೆ ಕನಪ್ಪಾ ಅಂದೆ."

ಪುಟ್ಟಮಾದಪ್ಪನವರು ನಗು ಬಂದದ್ದನ್ನು ಕೆಮ್ಮಿ ಮರೆಸಿದರು.

"ಬೀಗ?"

ದೊಡ್ಡಬಸಮ್ಮ ಸೊಂಟದ ಚೀಲದಿಂದ ಕೀ ತೆಗೆದು ಮೇಜಿನ ಮೇಲಿಟ್ಟರು. "ಸೆಂಟ್ರು ಮುಚ್ಚುದ್ರು. ಇದ ಯಾರೂ ಇಸ್ಕಳ್ನಿಲ್ಲ. ನಾನಿವ್ನಿ ಅಂತ್ಲೇ ಅವರ್ಗೆ ಗ್ಯಾಪ್ಕ ಬರ್ನಿಲ್ಲ."

"ಕೇಳಿ ತಗೋಬಹುದಿತ್ತಲ್ಲಮ್ಮ?"

"ಕೇಳ್ದೆ. ಸಂಘ ಸಂಸ್ಥೆಗೆ ಮಾತ್ರ ಕೊಡೋದು, ನಿಂದು ಸಂಘ ಅದಾ ಅಂದ್ರು. ಇಲ್ಲ ಸಾ, ನಾನೊಬ್ಳೇ ಅಂದೆ."

ಅವರು ಚಕ್ರದ ಮೇಲೆ ಕೈಯಿಟ್ಟರು.

"ಸಾಯಂಕಾಲ ಎಲ್ಲಾರೂ ಓದ್ಮ್ಯಾಲೆ ಗುಡ್ಸಿ, ಆ ಮೂಲೇಲಿ ಒಂದ್ಗಳಿಗೆ ಕೂರ್ತಿದ್ದೆ. ನೋಡಿ ನೋಡಿ ಕಲ್ತದ್ದು. ಗಂಡನ ಮನೇಲಿ ಕೂತ್ರೆ ಏಳು ಅನ್ನೋರು, ಕೆಲ್ಸದಲ್ಲಿ ಕೂತ್ರೆ ಏಳು ಅನ್ನೋರು. ಈ ಯಾರಿಗೂ ಬೇಡಾದ ಮಿಷನ್ ತಾವ ಮಾತ್ರ ಯಾರೂ ನನ್ನ ಏಳು ಅನ್ನಿಲ್ಲ ಕಣವ್ವ."

ಆಶಾರಾಣಿ, ಒಂದು ಕಡಿಮೆಯಾದರೆ ಉಳಿದ ಹನ್ನೊಂದೂ ಹರಾಜಿಗೆ ಹೋಗುತ್ತವೆ, ರಾಮಾಪುರದಲ್ಲಿ ಕೇತಮ್ಮನ ಸಂಘದ ಹೆಂಗಸರು ಕಾಯುತ್ತಿದ್ದಾರೆ ಎಂದು ಹೇಳಿದರು.

ದೊಡ್ಡಬಸಮ್ಮ ಚಕ್ರದಿಂದ ಕೈ ತೆಗೆದರು. "ಅಯ್ಯೋ ಮಾದಪ್ಪ! ಒಳ್ಳೇವೆಲ್ಲ ಅವರ್ಗೇ ಇರ್ಲಿ, ಯಾರಿಗೂ ಬೇಡಾದ್ದು ನಂಗೆ ಅಂತ ತಂದೆ. ಹರಾಜು ಆಗೋಯ್ತಾ?"

"ಇನ್ನೂ ಇಲ್ಲ. ಮಿಷನ್ ಸಿಕ್ಕಿದೆ ಅಂತ ಜಪ್ತಿ ಪಂಚನಾಮೆ ಕೊಟ್ರೆ ಹರಾಜು ನಿಲ್ಲಿಸ್ತೀನಿ ಅಂತ ಆಫೀಸರ್ ಒಪ್ಪಿದ್ದಾರೆ. ಕೋರ್ಟಿಗೆ ನಾನು ಬರೀತೀನಿ, ಇದೂ ರಾಮಾಪುರಕ್ಕೆ ಹೋಗುತ್ತೆ. ಆದ್ರೆ ನಿಮ್ಮನ್ನ ಬಂಧಿಸಬೇಕು. ಯಾರಿಗಾದ್ರೂ ತಿಳಿಸಬೇಕಾ?"

"ಪಕ್ಕದ ಮನೆಯೋಳ್ಗೆ ಏಳಿ. ಈ ರವಿಕೆ ಅವಳ್ದೇಯ." ಅವರು ತಡೆದು ಕೇಳಿದರು: "ರಾಮಾಪುರದಲ್ಲೂ ಗುಡ್ಸೋಳು ಒಬ್ಳು ಇರ್ತಾಳಲ್ಲವ್ವ. ಸಾಯಂಕಾಲ ಒಂದ್ಗಳಿಗೆ ಅವಳ್ಗೂ ಕೂರಕ್ ಬುಡು ಅಂತ ಕೇತಮ್ಮಂಗೆ ಏಳ್ತೀಯಾ?"

"ಹೇಳ್ತೀನಿ."

ಪುಟ್ಟಮಾದಪ್ಪನವರು ಸಾಕ್ಷಿಗೆ ಪಂಚರನ್ನು ಕರೆತಂದರು. ಕಾಗದ ಸಿದ್ಧವಾಯಿತು. ಆಶಾರಾಣಿ ಹತ್ತಿರ ಬಂದಾಗ ದೊಡ್ಡಬಸಮ್ಮ ರವಿಕೆಯ ತೋಳನ್ನು ಸೂಜಿಯ ಕೆಳಗೆ ನೇರಮಾಡಿಕೊಳ್ಳುತ್ತಿದ್ದರು.

"ತಾಳವ್ವ," ಎಂದರು, ತಲೆಯೆತ್ತದೆ. "ಈ ಸಾಲು ಮುಗೀಲಿ."

ಪುಟ್ಟಮಾದಪ್ಪನವರು ಬಾಯಿ ತೆರೆದರು. ಆಶಾರಾಣಿ ಕೈಯೆತ್ತಿ ತಡೆದರು.

ಬೀದಿಯಲ್ಲಿ ಜೀಪು ನಿಂತಿತ್ತು, ಪಂಚರು ನಿಂತಿದ್ದರು, ಸಬ್ ಇನ್‌ಸ್ಪೆಕ್ಟರ್ ಟೋಪಿ ಕಂಕುಳಲ್ಲಿಟ್ಟು ನಿಂತಿದ್ದರು. ಮಿಷನ್ ಬಟ್ಟೆಯನ್ನು ಬಲಕ್ಕೆ ಎಳೆಯಿತು. ದೊಡ್ಡಬಸಮ್ಮ ಎಡಗೈ ಬೆರಳಿನಿಂದ ಅದನ್ನು ಮೆಲ್ಲಗೆ ಹಾದಿಗೆ ತಂದರು. ಮತ್ತೆ ಎಳೆಯಿತು, ಮತ್ತೆ ತಂದರು. ತೋಳಿನ ಸುತ್ತು ಪೂರ್ತಿಯಾಯಿತು. ದಾರ ಕಡಿದು, ರವಿಕೆ ಮಡಚಿ, ಸೂಜಿಯ ಕೆಳಗೆ ಒಂದು ಚಿಂದಿ ಇಟ್ಟರು.

ಆಮೇಲೆ, ಯಾರೂ ಹೇಳದೆ, ತಾವಾಗಿಯೇ ಎದ್ದರು.